ಹಾಲ್ ಹೋದ, ಲೂಚಿಚ್ ಬಂದ: ಎಡ್ಮಂಟನ್‌ನಲ್ಲಿ ಪೀಟರ್ ಶಿಯರೆಲ್ಲಿ ಮಾಡಿದ ಲೆಕ್ಕ

2016ರ ಜೂನ್ 29ರ ಮಧ್ಯಾಹ್ನ. ಅರ್ಧ ಗಂಟೆಯೊಳಗೆ ಎನ್‌ಎಚ್‌ಎಲ್ ಐಸ್ ಹಾಕಿ ಲೀಗಿನಿಂದ ಮೂರು ದೊಡ್ಡ ಸುದ್ದಿ ಬಂದವು. ಮಾಂಟ್ರಿಯಲ್ ತಂಡ ಪಿ.ಕೆ. ಸುಬ್ಬನ್‌ನನ್ನು ನ್ಯಾಶ್‌ವಿಲ್‌ಗೆ ಕೊಟ್ಟು ಶೇ ವೆಬರ್‌ನನ್ನು ತಂದುಕೊಂಡಿತು. ಸ್ಟೀವನ್ ಸ್ಟ್ಯಾಮ್ಕೋಸ್ ಟ್ಯಾಂಪಾದಲ್ಲೇ ಉಳಿಯುತ್ತಾನೆ ಎಂದಾಯಿತು. ಇವೆರಡಕ್ಕೂ ಮೊದಲು ಬಂದದ್ದು ಎಡ್ಮಂಟನ್ ಸುದ್ದಿ. ಟೇಲರ್ ಹಾಲ್ ನ್ಯೂಜೆರ್ಸಿಗೆ, ಅಲ್ಲಿಂದ ಆಡಮ್ ಲಾರ್ಸನ್ ಎಡ್ಮಂಟನ್‌ಗೆ. ಜೊತೆಗೆ ಇನ್ನೇನು ಸಿಗುತ್ತಿದೆ ಎಂದು ಎಲ್ಲರೂ ಕಾದರು. ಏನೂ ಇರಲಿಲ್ಲ. ಒಬ್ಬನಿಗೆ ಒಬ್ಬ, ಅಷ್ಟೇ.

ಆ ಟ್ರೇಡ್ ಮಾಡಿದವರು ಎಡ್ಮಂಟನ್ ಆಯ್ಲರ್ಸ್ ತಂಡದ ಜನರಲ್ ಮ್ಯಾನೇಜರ್ ಪೀಟರ್ ಶಿಯರೆಲ್ಲಿ. 2015ರ ಏಪ್ರಿಲ್‌ನಿಂದ 2019ರ ಜನವರಿವರೆಗೆ ತಂಡ ಅವರ ಕೈಯಲ್ಲಿತ್ತು. ಅಷ್ಟೂ ಕಾಲ ಕಾನರ್ ಮ್ಯಾಕ್‌ಡೇವಿಡ್‌ನಂಥ ಆಟಗಾರ ಅವರ ಬಳಿ ಇದ್ದ. ಆದರೂ ಅವರ ಕಾಲದಲ್ಲಿ ತಂಡ ಪ್ಲೇಆಫ್ ಮುಟ್ಟಿದ್ದು ಒಂದೇ ಸಲ. ಹಾಗಾಗಿ ಅವರನ್ನು ಬೈಯುವುದು ಸುಲಭ. ಆದರೆ ಬೈಯುವುದೇ ಬೇರೆ, ಒಬ್ಬರ ಕೆಲಸವನ್ನು ತೂಗಿ ನೋಡುವುದೇ ಬೇರೆ. ನನಗೆ ಈ ಪ್ರಕರಣ ಮತ್ತೆ ಮತ್ತೆ ಕಾಡುವುದು ಅದಕ್ಕೇ. ಹಾಲ್ ಟ್ರೇಡ್ ಬಗ್ಗೆ ಇಷ್ಟು ವರ್ಷದಿಂದ ಮಾತಾಡುವವರಲ್ಲಿ ಹೆಚ್ಚಿನವರು ಹಾಲ್ ಮತ್ತು ಲಾರ್ಸನ್ ಇಬ್ಬರನ್ನೇ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡು ದಿನ ಬಿಟ್ಟು, ಜುಲೈ 1ರಂದು ನಡೆದದ್ದನ್ನು ಬೇರೆ ಖಾತೆಗೆ ಹಾಕುತ್ತಾರೆ. ನನ್ನ ಪ್ರಕಾರ ಅವೆರಡೂ ಒಂದೇ ತೀರ್ಮಾನ.

ಮೊದಲು ಹಣದ ನಿಯಮ

ಹಾಕಿ ಅಂದರೆ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಇದು ಮಂಜುಗಡ್ಡೆಯ ಮೇಲಿನ ಆಟ, ಇದರ ವ್ಯವಹಾರವೂ ಬೇರೆ. ಐಪಿಎಲ್ ಹರಾಜು ನೋಡುವವರಿಗೆ ಅರ್ಧ ಗೊತ್ತಿರುವ ವಿಷಯವೇ. ಪ್ರತಿ ತಂಡಕ್ಕೂ ಖರ್ಚಿನ ಮಿತಿ ಇದೆ. ಅದನ್ನು ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2016-17ರಲ್ಲಿ ಅದು 7.3 ಕೋಟಿ ಡಾಲರ್ ಇತ್ತು. ಮಾಲೀಕ ಎಷ್ಟೇ ಶ್ರೀಮಂತನಾದರೂ ಅದನ್ನು ದಾಟುವಂತಿಲ್ಲ. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ಸ್ಲೇಟು ಒರೆಸಿ ಹೋಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. ಆಗಿನ ನಿಯಮದಂತೆ ಸ್ವಂತ ಆಟಗಾರನಿಗೆ ಎಂಟು ವರ್ಷ, ಹೊರಗಿನವನಿಗೆ ಏಳು ವರ್ಷದವರೆಗೆ ಒಪ್ಪಂದ ಕೊಡಬಹುದಿತ್ತು. ತಪ್ಪು ಮಾಡಿದರೆ ಅದು ಅಷ್ಟೂ ವರ್ಷ ಮನೆಯಲ್ಲೇ ಕೂತಿರುತ್ತದೆ.

ಅಂದಮೇಲೆ ಇಲ್ಲಿ ಆಟಗಾರನನ್ನು ಆಟಗಾರನಿಗೆ ಹೋಲಿಸಿದರೆ ಸಾಲದು. ಆಟಗಾರ, ಅವನ ಸಂಬಳ, ಒಪ್ಪಂದದಲ್ಲಿ ಉಳಿದ ವರ್ಷ, ಈ ಮೂರೂ ಸೇರಿ ಒಂದು ವಸ್ತು. ಟ್ರೇಡ್ ಆಗುವುದು ಆ ವಸ್ತು.

ಬಂದ ದಾರಿ

ಶಿಯರೆಲ್ಲಿ ಸಣ್ಣ ಹೆಸರಲ್ಲ. ಹಾರ್ವರ್ಡ್‌ನಲ್ಲಿ ಹಾಕಿ ಆಡಿದವರು, ಕಾನೂನು ಓದಿದವರು. ಬಾಸ್ಟನ್ ಬ್ರೂಯಿನ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿ 2011ರಲ್ಲಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು. ಆ ತಂಡ ದೊಡ್ಡ ಮೈಯ, ಗಟ್ಟಿ, ಎದುರಾಳಿಯನ್ನು ಗೋಡೆಗೆ ಒತ್ತಿ ಆಡುವ ತಂಡ. ಮಿಲಾನ್ ಲೂಚಿಚ್ ಅದರ ಮುಖ್ಯ ಆಟಗಾರರಲ್ಲಿ ಒಬ್ಬ. 2015ರ ಏಪ್ರಿಲ್‌ನಲ್ಲಿ ಬಾಸ್ಟನ್ ಅವರನ್ನು ತೆಗೆದುಹಾಕಿತು. ಹತ್ತು ದಿನವೂ ಆಗಲಿಲ್ಲ, ಎಡ್ಮಂಟನ್ ಕರೆಯಿತು. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ, ಆ ಸರದಿಗೆ ಪಿಕ್. ಆ ನಡುವೆ ಎಡ್ಮಂಟನ್‌ಗೆ ಡ್ರಾಫ್ಟ್ ಲಾಟರಿಯಲ್ಲಿ ಮೊದಲ ಪಿಕ್ ಸಿಕ್ಕಿತ್ತು. ಅಂದರೆ ಮ್ಯಾಕ್‌ಡೇವಿಡ್ ಸಿಕ್ಕಿದ್ದ.

ತಂಡ 2006ರ ನಂತರ ಪ್ಲೇಆಫ್ ಕಂಡಿರಲಿಲ್ಲ. 2010ರಲ್ಲಿ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್, 2012ರಲ್ಲಿ ನೇಲ್ ಯಾಕುಪೊವ್, ಮೂರು ವರ್ಷ ಸಾಲಾಗಿ ಮೊದಲ ಪಿಕ್ ಅವರದೇ. ಮುಂದೆ ಆಡುವವರು ತುಂಬಾ ಇದ್ದರು. ಹಿಂದೆ ನಿಂತು ತಡೆಯುವವರು ಇರಲಿಲ್ಲ. ಅದರಲ್ಲೂ ಬಲಗೈ ಡಿಫೆಂಡರ್‌ಗಳ ಬರ. ಈ ಕೊರತೆಯನ್ನು ಶಿಯರೆಲ್ಲಿ ಸರಿಯಾಗಿಯೇ ಗುರುತಿಸಿದರು. ಅಲ್ಲಿವರೆಗೆ ತಕರಾರಿಲ್ಲ.

ಮೊದಲ ದಿನವೇ ಒಂದು ಸುಳಿವು

ಮ್ಯಾಕ್‌ಡೇವಿಡ್‌ನನ್ನು ಆರಿಸಿದ ದಿನ, 2015ರ ಜೂನ್ 26ರಂದು, ಅವರು ಇನ್ನೊಂದು ಕೆಲಸ ಮಾಡಿದರು. 16ನೇ ಮತ್ತು 33ನೇ ಪಿಕ್ ಎರಡನ್ನೂ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು ಗ್ರಿಫಿನ್ ರೈನ್‌ಹಾರ್ಟ್ ಎಂಬ ಡಿಫೆಂಡರ್‌ನನ್ನು ತಂದರು. ಐಲ್ಯಾಂಡರ್ಸ್ 16ನೇ ಪಿಕ್‌ನಲ್ಲಿ ಮ್ಯಾಥ್ಯೂ ಬಾರ್ಜಲ್‌ನನ್ನು ತೆಗೆದುಕೊಂಡಿತು. ಅವನು 2017-18ರಲ್ಲಿ 85 ಪಾಯಿಂಟ್ ಗಳಿಸಿ ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಪಾಯಿಂಟ್ ಅಂದರೆ ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿದ ಲೆಕ್ಕ. ರೈನ್‌ಹಾರ್ಟ್ ಎಡ್ಮಂಟನ್‌ಗೆ 29 ಲೀಗ್ ಪಂದ್ಯ ಆಡಿ, 2017ರಲ್ಲಿ ಹೊಸ ತಂಡ ವೇಗಸ್ ಪಾಲಾದ.

ಇಲ್ಲಿ ಬಾರ್ಜಲ್ ಹೆಸರು ಹೇಳಿ ಗೆದ್ದುಬಿಡುವುದು ನ್ಯಾಯವಲ್ಲ. ಪಿಕ್ ಉಳಿಸಿಕೊಂಡಿದ್ದರೂ ಎಡ್ಮಂಟನ್ ಅವನನ್ನೇ ಆರಿಸುತ್ತಿತ್ತು ಎಂದು ಯಾರು ಹೇಳಬಲ್ಲರು? ಆದರೆ ಬಾರ್ಜಲ್‌ನನ್ನು ಪಕ್ಕಕ್ಕಿಟ್ಟರೂ ಈ ವ್ಯವಹಾರ ನಿಲ್ಲುವುದಿಲ್ಲ. ರೈನ್‌ಹಾರ್ಟ್ 2012ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದವನು, ನಿಜ. ಎಡ್ಮಂಟನ್ ಊರಿನದೇ ಆಯ್ಲ್ ಕಿಂಗ್ಸ್ ಜೂನಿಯರ್ ತಂಡದಲ್ಲಿ ಆಡಿ ಹೆಸರು ಮಾಡಿದವನು. ಆದರೆ ಮೂರು ವರ್ಷವಾದರೂ ಎನ್‌ಎಚ್‌ಎಲ್‌ನಲ್ಲಿ ಅವನು ಆಡಿದ್ದು 8 ಲೀಗ್ ಪಂದ್ಯ. ಐಲ್ಯಾಂಡರ್ಸ್‌ಗೆ ಅವನ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿತ್ತು, ಮತ್ತು ಅವರೇ ಮಾರುತ್ತಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವವನೂ ಮೊದಲು ಕೇಳುವ ಪ್ರಶ್ನೆ, ಯಾಕೆ ಮಾರ್ತಿದ್ದೀರಿ ಅಂತ ಅಲ್ವಾ?

ಆ ಎರಡು ದಿನ

ಈಗ ಹಾಲ್ ವಿಷಯ. ಇದನ್ನು ತೂಗುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. 2018ರ ಹಾರ್ಟ್ ಟ್ರೋಫಿಯನ್ನು ಸಾಕ್ಷಿಗೆ ಕರೆಯುವುದಿಲ್ಲ. ಹಾಲ್ ನ್ಯೂಜೆರ್ಸಿಗೆ ಹೋಗಿ ಎರಡನೇ ವರ್ಷ 93 ಪಾಯಿಂಟ್ ಗಳಿಸಿ, ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಆ ಟ್ರೋಫಿ ಗೆದ್ದ. ಜೂನ್ 29ರಂದು ಅದು ಯಾರಿಗೂ ಗೊತ್ತಿರಲಿಲ್ಲ. ಹಾಗೆಯೇ 2016-17ರಲ್ಲಿ ಎಡ್ಮಂಟನ್ ತಂಡಗಳ ಪಟ್ಟಿಯಲ್ಲಿ 103 ಅಂಕ ಗಳಿಸಿ, ಸ್ಯಾನ್ ಹೋಸೆಯನ್ನು ಸೋಲಿಸಿ, ಅನಾಹೈಮ್ ಎದುರು ಏಳನೇ ಪಂದ್ಯದವರೆಗೆ ಹೋದದ್ದನ್ನೂ ಶಿಯರೆಲ್ಲಿ ಪರವಾಗಿ ಕರೆಯುವುದಿಲ್ಲ. ಆ ವರ್ಷ ಮ್ಯಾಕ್‌ಡೇವಿಡ್ 100 ಪಾಯಿಂಟ್ ಗಳಿಸಿದ್ದ, ಗೋಲ್‌ಕೀಪರ್ ಕ್ಯಾಮ್ ಟಾಲ್ಬಟ್ 73 ಪಂದ್ಯ ಆಡಿ 42 ಗೆದ್ದಿದ್ದ. ತಂಡ ಗೆದ್ದದ್ದು ಹಾಲ್ ಹೋದದ್ದರಿಂದ ಎನ್ನುವುದು ಮಳೆ ಬಂದದ್ದು ಕೊಡೆ ಬಿಡಿಸಿದ್ದರಿಂದ ಅಂದ ಹಾಗೆ.

ಆ ದಿನ ಮೇಜಿನ ಮೇಲೆ ಇದ್ದದ್ದನ್ನು ಮಾತ್ರ ನೋಡೋಣ. ಹಾಲ್‌ಗೆ 24 ವರ್ಷ. ಎಡಗಡೆ ವಿಂಗರ್. ಹಿಂದಿನ ಋತುವಿನಲ್ಲಿ 82 ಪಂದ್ಯ, 65 ಪಾಯಿಂಟ್. ವರ್ಷಕ್ಕೆ 60 ಲಕ್ಷ ಡಾಲರ್, ಇನ್ನೂ ನಾಲ್ಕು ವರ್ಷ ಬಾಕಿ. ಲಾರ್ಸನ್‌ಗೆ 23 ವರ್ಷ. ಬಲಗೈ ಡಿಫೆಂಡರ್. 82 ಪಂದ್ಯ, 18 ಪಾಯಿಂಟ್. ವರ್ಷಕ್ಕೆ ಸುಮಾರು 41.7 ಲಕ್ಷ, ಐದು ವರ್ಷ ಬಾಕಿ. ಲಾರ್ಸನ್ ಕೆಟ್ಟ ಆಟಗಾರನಲ್ಲ. ಎಡ್ಮಂಟನ್‌ನಲ್ಲಿ ಐದು ವರ್ಷ ಕಷ್ಟದ ನಿಮಿಷಗಳನ್ನೆಲ್ಲ ಆಡಿದ, ದೂರು ಹೇಳಲಿಲ್ಲ. ಬೆಲೆಯ ಪ್ರಶ್ನೆಯಲ್ಲಿ ಅವನ ಮೇಲೆ ಕೋಪ ಮಾಡಿಕೊಂಡವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವನು ತನ್ನ ಬೆಲೆಯನ್ನು ತಾನು ಕಟ್ಟಿಕೊಂಡವನಲ್ಲ.

ಡಿಫೆಂಡರ್ ಬೇಕಾಗಿತ್ತು, ಸಿಕ್ಕಿದ. ಬೆಲೆ ಜಾಸ್ತಿಯಾಯಿತು. ಇಷ್ಟೇ ಆಗಿದ್ದರೆ ಇದನ್ನು ದುಬಾರಿ ಟ್ರೇಡ್ ಅಂತ ಬರೆದು ಮುಂದೆ ಹೋಗಬಹುದಿತ್ತು. ಗೋಲು ಕೊಟ್ಟು ತಡೆಗೋಡೆ ಕೊಂಡರು, ಜೊತೆಗೆ ವರ್ಷಕ್ಕೆ 18 ಲಕ್ಷ ಉಳಿಸಿದರು, ಅದರಿಂದ ಮುಂದೆ ಏನೋ ಮಾಡುತ್ತಾರೆ ಎಂದು ಕಾಯಬಹುದಿತ್ತು.

ಜುಲೈ 1 ಬಂತು. ಯಾವ ತಂಡದ ಒಪ್ಪಂದವೂ ಇಲ್ಲದ ಆಟಗಾರರ ಸಂತೆ ತೆರೆಯುವ ದಿನ. ಶಿಯರೆಲ್ಲಿ ತಮ್ಮ ಹಳೇ ಬಾಸ್ಟನ್ ಹುಡುಗ ಲೂಚಿಚ್‌ಗೆ ಏಳು ವರ್ಷ, 4.2 ಕೋಟಿ ಡಾಲರ್ ಕೊಟ್ಟರು. ವರ್ಷಕ್ಕೆ 60 ಲಕ್ಷ. ಹಾಲ್‌ನ ಸಂಬಳವೇ, ಒಂದು ಡಾಲರ್ ಆಚೀಚೆ ಇಲ್ಲ. ಹಾಲ್ ಆಡುತ್ತಿದ್ದ ಎಡಗಡೆ ಜಾಗವೇ. ಆದರೆ ಲೂಚಿಚ್‌ಗೆ 28 ವರ್ಷ, ಹಿಂದಿನ ಋತುವಿನಲ್ಲಿ ಲಾಸ್ ಏಂಜಲೀಸ್‌ಗೆ 55 ಪಾಯಿಂಟ್. ಒಪ್ಪಂದ ಮುಗಿಯುವಾಗ ಅವನಿಗೆ 35.

ಒಂದು ಹಾಳೆ ತೆಗೆದುಕೊಂಡು ಬರೆದು ನೋಡಿ. ಎಡಗಡೆ ಹಾಲ್, 60 ಲಕ್ಷ, ನಾಲ್ಕು ವರ್ಷ. ಬಲಗಡೆ ಲೂಚಿಚ್, 60 ಲಕ್ಷ, ಏಳು ವರ್ಷ. ಅವನ ಕೆಳಗೆ ಲಾರ್ಸನ್, 41.7 ಲಕ್ಷ. ಹಾಲ್ ಹೋಗಿ ಬಂದವರು ಇವರಿಬ್ಬರು, ಒಟ್ಟು 1 ಕೋಟಿ 1.7 ಲಕ್ಷ. ಈಗ ಇನ್ನೊಂದು ಸಾಲು. ಅದೇ ವಾರ ಜೇಸನ್ ಡೆಮರ್ಸ್ ಎಂಬ ಬಲಗೈ ಡಿಫೆಂಡರ್ ಸಂತೆಯಲ್ಲಿದ್ದ. ಫ್ಲೋರಿಡಾ ಅವನಿಗೆ ವರ್ಷಕ್ಕೆ 45 ಲಕ್ಷದಂತೆ ಐದು ವರ್ಷ ಕೊಟ್ಟಿತು. ಹಾಲ್ ಜೊತೆ ಡೆಮರ್ಸ್ ಸೇರಿದರೆ 1 ಕೋಟಿ 5 ಲಕ್ಷ. ಹೆಚ್ಚುಕಡಿಮೆ ಅದೇ ದುಡ್ಡು. ಡೆಮರ್ಸ್ ಲಾರ್ಸನ್‌ನಷ್ಟು ಒಳ್ಳೆಯವನಲ್ಲ, ಮುಂದಿನ ವರ್ಷವೇ ಫ್ಲೋರಿಡಾ ಅವನನ್ನು ಬೇರೆ ಕಡೆ ಕಳಿಸಿತು. ಅವನು ಎಡ್ಮಂಟನ್‌ಗೆ ಒಪ್ಪಲೇಬೇಕು ಎಂದೂ ಇರಲಿಲ್ಲ. ನಾನು ಹೇಳುವುದು ಇಷ್ಟೇ: ಗಟ್ಟಿ ಡಿಫೆಂಡರ್ ತರಲು ಹಾಲ್‌ನನ್ನು ಕಳಿಸದೆ ಬೇರೆ ದಾರಿಯೇ ಇರಲಿಲ್ಲ ಎನ್ನುವುದು ಆ ವಾರದ ಸಂತೆಯಲ್ಲೇ ಸುಳ್ಳಾಯಿತು. ಲೂಚಿಚ್‌ಗೆ ಇಟ್ಟ ದುಡ್ಡಿನಲ್ಲಿ ಡಿಫೆಂಡರ್ ಕೊಳ್ಳಬಹುದಿತ್ತು.

ಹಾಗೆ ಯಾಕೆ ಮಾಡಲಿಲ್ಲ? ಅವರಿಗೆ ಬೇಕಾಗಿದ್ದದ್ದು ಬರೀ ಡಿಫೆಂಡರ್ ಅಲ್ಲ. ಅವರಿಗೆ 2011ರ ಬಾಸ್ಟನ್ ಬೇಕಾಗಿತ್ತು. ಅದೇ ಜೂನ್‌ನಲ್ಲಿ ಪಿಟ್ಸ್‌ಬರ್ಗ್ ವೇಗದ ಆಟದಿಂದ ಕಪ್ ಗೆದ್ದಿತ್ತು, ಮರುವರ್ಷ ಮತ್ತೆ ಗೆದ್ದಿತು. ಲೀಗಿನ ಅತಿ ವೇಗದ ಕಾಲುಗಳು, ಮ್ಯಾಕ್‌ಡೇವಿಡ್‌ನವು, ಶಿಯರೆಲ್ಲಿಯ ತಂಡದಲ್ಲೇ ಇದ್ದವು. ಆ ಕಾಲುಗಳ ಪಕ್ಕ ಓಡಬಲ್ಲವನನ್ನು ಕಳಿಸಿ ಓಡಲಾಗದವನನ್ನು ತಂದರು.

ಒಪ್ಪಂದದ ಒಳಗಿನ ಬೀಗ

ಲೂಚಿಚ್ ಒಪ್ಪಂದದಲ್ಲಿ ಹಣಕ್ಕಿಂತ ದೊಡ್ಡ ಸಮಸ್ಯೆ ಅದರ ಕಟ್ಟೋಣ. ಅದರಲ್ಲಿ ನೋ-ಮೂವ್ ಷರತ್ತು ಇತ್ತು. ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೂ ಕೆಳಗಿನ ಲೀಗಿಗೂ ಕಳಿಸುವಂತಿಲ್ಲ. 2017ರಲ್ಲಿ ವೇಗಸ್ ತಂಡಕ್ಕಾಗಿ ಎಲ್ಲರಿಂದ ಆಟಗಾರರನ್ನು ತೆಗೆದಾಗ, ಆ ಷರತ್ತಿನಿಂದಾಗಿ ಅವನನ್ನು ಬಿಟ್ಟುಕೊಡದೆ ಉಳಿಸಿಕೊಳ್ಳುವ ಆಟಗಾರರ ಪಟ್ಟಿಯಲ್ಲಿ ಇಡಲೇಬೇಕಾಯಿತು. ಜೊತೆಗೆ ಹಣದ ಬಹುಪಾಲು ಸೈನಿಂಗ್ ಬೋನಸ್ ರೂಪದಲ್ಲಿತ್ತು. ತಂಡ ಆಟಗಾರನಿಗೆ ದುಡ್ಡು ಕೊಟ್ಟು ಒಪ್ಪಂದ ಮುರಿದರೆ ಅದಕ್ಕೆ ಬೈಔಟ್ ಅನ್ನುತ್ತಾರೆ. ಬೋನಸ್ ಭಾಗಕ್ಕೆ ಬೈಔಟ್‌ನಿಂದ ರಿಯಾಯಿತಿ ಸಿಗುವುದಿಲ್ಲ. ಮುರಿದರೂ ಕ್ಯಾಪ್ ಹಗುರವಾಗುವುದಿಲ್ಲ.

ಮೊದಲ ವರ್ಷ 23 ಗೋಲು, 50 ಪಾಯಿಂಟ್. ಎರಡನೇ ವರ್ಷ 34 ಪಾಯಿಂಟ್. ಮೂರನೇ ವರ್ಷ 20. ಭಾರದ ಮೈಯ ಆಟಗಾರ 30ರ ಹತ್ತಿರ ನಿಧಾನವಾಗುತ್ತಾನೆ ಎನ್ನುವುದು ಆಗಲೇ ಎಲ್ಲರಿಗೂ ಗೊತ್ತಿದ್ದ ಮಾತು. ಇದನ್ನು ದುರದೃಷ್ಟ ಎನ್ನಲಾಗದು.

ದುರದೃಷ್ಟ ಅಂದರೆ ಡಿಫೆಂಡರ್ ಆಂಡ್ರೆ ಸೆಕೆರಾ. 2015ರ ಜುಲೈನಲ್ಲಿ ಆರು ವರ್ಷ, ವರ್ಷಕ್ಕೆ 55 ಲಕ್ಷ. ಎರಡು ವರ್ಷ ಚೆನ್ನಾಗಿ ಆಡಿದ. 2017ರ ಪ್ಲೇಆಫ್‌ನಲ್ಲಿ ಅನಾಹೈಮ್ ಎದುರು ಮೊಣಕಾಲಿನ ಲಿಗಮೆಂಟ್ ಹರಿಯಿತು. ಚೇತರಿಸಿಕೊಂಡು ಬಂದರೆ 2018ರ ಬೇಸಿಗೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. 2019ರಲ್ಲಿ ತಂಡ ಅವನ ಒಪ್ಪಂದ ಮುರಿಯಿತು. ಫಲ ಕೆಟ್ಟದ್ದು, ಆದರೆ ಆ ತೀರ್ಮಾನವನ್ನು ಶಿಯರೆಲ್ಲಿಯ ತಪ್ಪುಗಳ ಪಟ್ಟಿಗೆ ನಾನು ಸೇರಿಸುವುದಿಲ್ಲ.

ಅವರಿಗೆ ಸಲ್ಲಬೇಕಾದದ್ದು

ಇದನ್ನೂ ಹೇಳಲೇಬೇಕು. ಟಾಲ್ಬಟ್‌ನನ್ನು ನ್ಯೂಯಾರ್ಕ್ ರೇಂಜರ್ಸ್‌ನಿಂದ ಕೆಲವು ಸಾಧಾರಣ ಪಿಕ್ ಕೊಟ್ಟು ತಂದದ್ದು ಒಳ್ಳೆಯ ಕೆಲಸ. ಪ್ಯಾಟ್ರಿಕ್ ಮರೂನ್ ಅನಾಹೈಮ್‌ನಿಂದ ಬಹಳ ಅಗ್ಗಕ್ಕೆ ಸಿಕ್ಕ, 2016-17ರಲ್ಲಿ 27 ಗೋಲು ಹೊಡೆದ. 2017ರ ಜುಲೈನಲ್ಲಿ ಮ್ಯಾಕ್‌ಡೇವಿಡ್‌ಗೆ ಎಂಟು ವರ್ಷ, 10 ಕೋಟಿ.

ಎಲ್ಲಕ್ಕಿಂತ ದೊಡ್ಡದು ಲಿಯಾನ್ ಡ್ರೈಸೈಟಲ್ ಒಪ್ಪಂದ. 2017ರ ಆಗಸ್ಟ್, ಎಂಟು ವರ್ಷ, ವರ್ಷಕ್ಕೆ 85 ಲಕ್ಷ. ಜಾಸ್ತಿ ಕೊಟ್ಟರು ಅಂತ ಆಗ ಬೈದವರು ಒಬ್ಬಿಬ್ಬರಲ್ಲ. ಒಂದು ತಿಂಗಳೊಳಗೆ ಬಾಸ್ಟನ್ ಡೇವಿಡ್ ಪಾಸ್ಟ್ರನಾಕ್‌ಗೆ ಸುಮಾರು 66.7 ಲಕ್ಷಕ್ಕೆ ಸಹಿ ಹಾಕಿಸಿತು. ಬೈಗುಳ ಇನ್ನೂ ಜೋರಾಯಿತು. ಆಮೇಲೆ ಡ್ರೈಸೈಟಲ್ 2018-19ರಲ್ಲಿ 50 ಗೋಲು ಹೊಡೆದ, ಮರುವರ್ಷ 110 ಪಾಯಿಂಟ್ ಗಳಿಸಿ ಹಾರ್ಟ್ ಟ್ರೋಫಿ ಗೆದ್ದ. ಆ ಒಪ್ಪಂದ ಲೀಗಿನ ಅತಿ ಲಾಭದ ಒಪ್ಪಂದಗಳಲ್ಲಿ ಒಂದಾಯಿತು. ಹಾರ್ಟ್ ಟ್ರೋಫಿಯನ್ನು ಹಾಲ್ ವಿಷಯದಲ್ಲಿ ಸಾಕ್ಷಿಗೆ ಕರೆಯಲಿಲ್ಲ, ಇಲ್ಲೂ ಕರೆಯಬಾರದು. ಆದರೆ 21 ವರ್ಷದ, 77 ಪಾಯಿಂಟ್ ಗಳಿಸಿದ ಹುಡುಗನ ಮೇಲೆ ಬೆಳೆಯುವ ವಯಸ್ಸಿನಲ್ಲೇ ಎಂಟು ವರ್ಷ ದುಡ್ಡು ಹಾಕುವುದು ಆ ದಿನವೂ ಸರಿಯಾದ ಬಾಜಿಯೇ. ಬೆಳೆಯುವವನಿಗೆ ಎಂಟು ವರ್ಷ, ಇಳಿಯುವವನಿಗೆ ಏಳು ವರ್ಷ. ಎರಡೂ ಒಬ್ಬರೇ ಹಾಕಿದ ಸಹಿ.

2018-19ರಲ್ಲಿ ಕ್ಯಾಪ್ 7.95 ಕೋಟಿ. ಮ್ಯಾಕ್‌ಡೇವಿಡ್, ಡ್ರೈಸೈಟಲ್ ಇಬ್ಬರೂ ಸೇರಿ 2.1 ಕೋಟಿ. ಇವರಿಬ್ಬರ ಸಂಬಳದಿಂದ ತಂಡ ಬಡವಾಯಿತು ಎನ್ನುವ ವಾದ ಕೇಳಿದ್ದೇನೆ. ಲೂಚಿಚ್, ಸೆಕೆರಾ, ಡಿಫೆಂಡರ್ ಕ್ರಿಸ್ ರಸೆಲ್ ಮೂವರಿಗೆ 1.55 ಕೋಟಿ ಹೋಗುತ್ತಿತ್ತು. ಬಡತನ ಇದ್ದದ್ದು ಅಲ್ಲಿ.

ಕೆಳಗೆ ಬಿದ್ದಾಗ ಮಾರುವ ಚಾಳಿ

2017ರ ಪ್ಲೇಆಫ್‌ನಲ್ಲಿ ಜಾರ್ಡನ್ ಎಬರ್ಲಿ 13 ಪಂದ್ಯದಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಲೀಗ್ ಋತುವಿನಲ್ಲಿ 51 ಪಾಯಿಂಟ್ ಗಳಿಸಿದ್ದ. ಜೂನ್‌ನಲ್ಲಿ ಅವನನ್ನು ಐಲ್ಯಾಂಡರ್ಸ್‌ಗೆ ಕೊಟ್ಟು ರಯಾನ್ ಸ್ಟ್ರೋಮ್‌ನನ್ನು ತಂದರು. 2018ರ ನವೆಂಬರ್‌ನಲ್ಲಿ, 18 ಪಂದ್ಯದಲ್ಲಿ 2 ಪಾಯಿಂಟ್ ಗಳಿಸಿದ್ದ ಸ್ಟ್ರೋಮ್‌ನನ್ನು ರೇಂಜರ್ಸ್‌ಗೆ ಕೊಟ್ಟು ರಯಾನ್ ಸ್ಪೂನರ್‌ನನ್ನು ತಂದರು. ಸ್ಪೂನರ್ 25 ಪಂದ್ಯ ಆಡಿ 3 ಪಾಯಿಂಟ್ ಗಳಿಸಿದ. ಸ್ಟ್ರೋಮ್ ರೇಂಜರ್ಸ್‌ನಲ್ಲಿ ಒಂದೇ ಋತುವಿನಲ್ಲಿ 59 ಪಾಯಿಂಟ್ ಗಳಿಸಿದ. ಮನೆಯ ಎಮ್ಮೆ ಮಾರಿ ಕರು ತಂದು, ಕರು ಮಾರಿ ಹಗ್ಗ ತಂದ ಹಾಗಾಯಿತು.

ಬಾಸ್ಟನ್‌ನಲ್ಲೂ ಇದೇ ಆಗಿತ್ತು. 2013ರ ಪ್ಲೇಆಫ್‌ನಲ್ಲಿ ಟೇಲರ್ ಸೇಗಿನ್ 22 ಪಂದ್ಯದಲ್ಲಿ ಒಂದೇ ಗೋಲು ಹೊಡೆದ. ಜುಲೈನಲ್ಲಿ 21 ವರ್ಷದ ಅವನನ್ನು ಡಲ್ಲಾಸ್‌ಗೆ ಕಳಿಸಿದರು. ಮರುವರ್ಷ ಅಲ್ಲಿ 84 ಪಾಯಿಂಟ್ ಗಳಿಸಿದ. ಒಂದು ಕೆಟ್ಟ ತಿಂಗಳು ನೋಡಿ, ಬೆಲೆ ಅತಿ ಕಡಿಮೆ ಇರುವಾಗ ಮಾರುವುದು. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು. ಮೂರು ಸಲ ಆದಮೇಲೆ ಅದು ಆ ಮನುಷ್ಯ ಆಟ ನೋಡುವ ರೀತಿ. ನನ್ನ ತೀರ್ಪು ನಿಂತಿರುವುದು ಹಾಲ್ ಒಬ್ಬನ ಮೇಲೆ ಅಲ್ಲ, ಇದರ ಮೇಲೆ.

ಕೊನೆಯ ಸಹಿ, ಮತ್ತು ಅದರಾಚೆ

2019ರ ಜನವರಿ 21. ತಂಡ ಕುಸಿಯುತ್ತಿತ್ತು. ಕೋಚ್ ಟಾಡ್ ಮೆಕ್ಲೆಲನ್ ನವೆಂಬರ್‌ನಲ್ಲೇ ಹೋಗಿದ್ದರು. ಅಂದು ಶಿಯರೆಲ್ಲಿ 30 ವರ್ಷದ ಗೋಲ್‌ಕೀಪರ್ ಮಿಕ್ಕೊ ಕೊಸ್ಕಿನೆನ್‌ಗೆ ಮೂರು ವರ್ಷ, 1.35 ಕೋಟಿ ಡಾಲರ್ ಕೊಟ್ಟರು. ಅವನು ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಸುಮಾರು 30 ಪಂದ್ಯ. ಮರುದಿನ ರಾತ್ರಿ ಡೆಟ್ರಾಯಿಟ್ ಎದುರು ಸೋತ ಮೇಲೆ ಶಿಯರೆಲ್ಲಿಯನ್ನು ತೆಗೆದರು. ಆ ಋತುವಿನಲ್ಲಿ ತಂಡ ಆಗ 23 ಗೆದ್ದು 27 ಸೋತಿತ್ತು.

ಇದು ನನಗೆ ನಿಜವಾಗಿ ಸಿಟ್ಟು ತರಿಸುವ ಭಾಗ. ಇನ್ನು ಒಂದೂವರೆ ದಿನ ಕೆಲಸದಲ್ಲಿರುವ ಮನುಷ್ಯ ಮೂರು ವರ್ಷದ ಒಪ್ಪಂದ ಹೇಗೆ ಕೊಟ್ಟ? ಮೇಲಿದ್ದವರು ಅದನ್ನು ತಡೆಯಬಹುದಿತ್ತಲ್ಲ? ಸುಮ್ನೆ ಒಬ್ಬರ ಹೆಸರಿಗೆ ಎಲ್ಲ ಬರೆದುಬಿಟ್ಟರೆ ಈ ಪ್ರಶ್ನೆ ಕಳೆದುಹೋಗುತ್ತದೆ.

ಆಮೇಲೆ ಬಂದ ಕೆನ್ ಹಾಲೆಂಡ್ 2019ರ ಜುಲೈನಲ್ಲಿ ಲೂಚಿಚ್‌ನನ್ನು, ಅವನ ಒಪ್ಪಿಗೆ ಪಡೆದು, ಕ್ಯಾಲ್ಗರಿಗೆ ಕಳಿಸಿದರು. ಬದಲಿಗೆ ಬಂದದ್ದು ಜೇಮ್ಸ್ ನೀಲ್, ವರ್ಷಕ್ಕೆ 57.5 ಲಕ್ಷ. ಲೂಚಿಚ್ ಸಂಬಳದಲ್ಲಿ ವರ್ಷಕ್ಕೆ 7.5 ಲಕ್ಷ ಎಡ್ಮಂಟನ್ ತಲೆಯ ಮೇಲೇ ಉಳಿಯಿತು. ಒಂದು ಮೂರನೇ ಸುತ್ತಿನ ಪಿಕ್ ಕೂಡ ಹೋಯಿತು. ನೀಲ್ ಒಪ್ಪಂದವನ್ನು ಮುರಿಯಬಹುದಿತ್ತು, ಅದೇ ಅವನ ಬೆಲೆ. 2021ರಲ್ಲಿ ಮುರಿದರು. ಅದರಿಂದ ಎಡ್ಮಂಟನ್ ಕ್ಯಾಪ್ ಮೇಲೆ ನಾಲ್ಕು ವರ್ಷ, ವರ್ಷಕ್ಕೆ 19.17 ಲಕ್ಷ ಡಾಲರ್ ಸತ್ತ ದುಡ್ಡು ಕೂತಿತು. ಅದರಲ್ಲಿ ಹಾಲೆಂಡ್ ಪಾಲೂ ಇದೆ. ಆದರೆ ಆ ದಾರಿ ಶುರುವಾದದ್ದು 2016ರ ಜುಲೈ 1ರಂದು.

2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡ ಎಡ್ಮಂಟನ್‌ನ ಇಬ್ಬರು ಹುಡುಗರಿಗೆ ಒಟ್ಟಿಗೇ ಆಫರ್ ಶೀಟ್, ಅಂದರೆ ನಮ್ಮಲ್ಲಿಗೆ ಬನ್ನಿ ಎನ್ನುವ ಒಪ್ಪಂದದ ಪತ್ರ, ಕಳಿಸಿತು. ಡಿಫೆಂಡರ್ ಫಿಲಿಪ್ ಬ್ರೋಬರ್ಗ್‌ಗೆ ವರ್ಷಕ್ಕೆ ಸುಮಾರು 45.8 ಲಕ್ಷ, ವಿಂಗರ್ ಡಿಲನ್ ಹಾಲೋವೇಗೆ ಸುಮಾರು 22.9 ಲಕ್ಷ. ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಎಡ್ಮಂಟನ್‌ಗೆ ಇತ್ತು. ಕ್ಯಾಪ್ ಬಿಗಿಯಾಗಿತ್ತು, ಬಿಟ್ಟುಕೊಟ್ಟಿತು. ಹಾಲೋವೇ ಸೇಂಟ್ ಲೂಯಿಸ್‌ನಲ್ಲಿ ಮೊದಲ ಋತುವಿನಲ್ಲೇ 63 ಪಾಯಿಂಟ್ ಗಳಿಸಿದ. ಅವನ 22.9 ಲಕ್ಷದ ಪಕ್ಕ ನೀಲ್‌ನ 19.17 ಲಕ್ಷ ಇಟ್ಟು ನೋಡಿದಾಗ ನನಗೆ ಹೊಟ್ಟೆ ಉರಿಯಿತು. ಅದೊಂದೇ ಕಾರಣ ಅಲ್ಲ, ಬೇರೆ ಭಾರಗಳೂ ಇದ್ದವು. ಆದರೂ.

2025ರ ಜೂನ್ 17ರಂದು ಎಡ್ಮಂಟನ್ ಸತತ ಎರಡನೇ ವರ್ಷ ಫ್ಲೋರಿಡಾ ಎದುರು ಸ್ಟ್ಯಾನ್ಲಿ ಕಪ್ ಫೈನಲ್ ಸೋತಿತು. ಆ ಋತುವಿನ ಲೆಕ್ಕದ ಪುಸ್ತಕದಲ್ಲಿ ನೀಲ್ ಹೆಸರಿನ ಕೊನೆಯ 19.17 ಲಕ್ಷ ಇನ್ನೂ ಇತ್ತು.